ಸಿಮ್ ಇಲ್ಲದ ಹಳೇ ಫೋನಿನಲ್ಲಿ ಘಾಟಿ ದಾರಿ: ನನ್ನ ಅನುಭವ

ಸಿಮ್ ತೆಗೆದ ಫೋನಿನಲ್ಲಿ ಜಿಪಿಎಸ್ ನಡೆಯುವುದಿಲ್ಲ, ನಡೆದರೂ ಘಾಟಿಯಲ್ಲಿ ಕೈಕೊಡುತ್ತದೆ ಅಂತ ಹೇಳಿದವರೇ ಜಾಸ್ತಿ. ಮೂರು ಮಳೆಗಾಲ ಕಳೆದವು. ಚಾರ್ಮಾಡಿ, ಆಗುಂಬೆ, ಕಳಸದಿಂದ ಕುದುರೆಮುಖ ದಾಟಿ ಬಜಗೋಳಿಗೆ ಇಳಿಯುವ ದಾರಿ, ಎಲ್ಲ ಕಡೆಯೂ ಬೈಕಿನ ಹ್ಯಾಂಡಲ್ ಮೇಲೆ ಅದೇ ಹಳೇ ಸೆಟ್ಟು. ಐದು ಇಂಚಿನ ಪರದೆ, 3000 ಎಂಎಎಚ್ ಬ್ಯಾಟರಿ, 2 ಜಿಬಿ ರ್‍ಯಾಮ್, ಸೆಕೆಂಡ್‌ಹ್ಯಾಂಡ್ ಬೆಲೆ ಎರಡೂವರೆ ಸಾವಿರದ ಆಸುಪಾಸು. ಟವರ್ ಸಿಗದ ಜಾಗದಲ್ಲಿ ದುಬಾರಿ ಫೋನುಗಳು ಬರೀ ಬೂದು ಚೌಕ ತೋರಿಸುವಾಗ ಇದು ಮುಂದಿನ ತಿರುವು ತೋರಿಸುತ್ತಿರುತ್ತದೆ.

ನಕ್ಷೆಗೆ ಓಸ್ಮ್‌ಆಂಡ್, ಜೊತೆಗೆ ತುರ್ತಿಗೆ ಆರ್ಗ್ಯಾನಿಕ್ ಮ್ಯಾಪ್ಸ್, ಎರಡೂ ನೆಟ್ ಇಲ್ಲದೆ ನಡೆಯುವ ನಕ್ಷೆ ಆ್ಯಪ್‌ಗಳು. ಕರ್ನಾಟಕ, ಕೇರಳ, ಗೋವಾ ನಕ್ಷೆಗಳನ್ನು ಮನೆಯ ವೈಫೈನಲ್ಲೇ ಇಳಿಸಿ ಮೆಮೊರಿ ಕಾರ್ಡಿಗೆ ಹಾಕಿದ್ದೇನೆ. ನಕ್ಷೆಯ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಿ. ಊರ ಬೋರ್ಡಿನ ಅಕ್ಷರವೂ ಪರದೆಯ ಅಕ್ಷರವೂ ಒಂದೇ ಆದರೆ ಒಂದೇ ನೋಟಕ್ಕೆ ಕೆಲಸ ಮುಗಿಯುತ್ತದೆ. ಕನ್ನಡ ಹೆಸರು ತುಂಬಿರದ ಊರುಗಳು ಇಂಗ್ಲಿಷಿನಲ್ಲೇ ಕಾಣುತ್ತವೆ, ಹುಡುಕುವಾಗ ಎರಡೂ ರೀತಿ ಬರೆದು ನೋಡಬೇಕು.

ಮೊದಲ ಮೂರು ತಿಂಗಳು ಸೋತಿದ್ದು, ಫೋನು ಏನೂ ಮಾಹಿತಿ ಇಲ್ಲದೆ ಮೊದಲಿಂದ ಉಪಗ್ರಹ ಹುಡುಕುವ ಕೋಲ್ಡ್ ಸ್ಟಾರ್ಟ್‌ನಲ್ಲಿ. ಡೇಟಾ ಇರುವ ಫೋನು ಉಪಗ್ರಹಗಳ ಕಕ್ಷೆಯ ವಿವರವನ್ನು ನೆಟ್‌ನಿಂದ ಎಳೆದುಕೊಳ್ಳುತ್ತದೆ, ಅದಕ್ಕೇ ಅದು ಕೆಲವೇ ಸೆಕೆಂಡಿನಲ್ಲಿ ಫಿಕ್ಸ್ ಆಗುವುದು, ಅಂದರೆ ಇರುವ ಜಾಗ ಹಿಡಿಯುವುದು. ಸಿಮ್ ಇಲ್ಲದ್ದು ಅದನ್ನು ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು. ಆ ಮಾಹಿತಿ ಬರುವುದು ಸೆಕೆಂಡಿಗೆ 50 ಬಿಟ್ ವೇಗದಲ್ಲಿ. 30 ಸೆಕೆಂಡಿನ ಒಂದು ಸುತ್ತಿನೊಳಗೆ ಒಂದು ಉಪಗ್ರಹದ ವಿವರ ಪೂರ್ತಿ ಸಿಗಬೇಕು, ನಡುವೆ ಕೊಂಬೆಯೊಂದು ಅಡ್ಡ ಬಂದರೆ ಆ ಸುತ್ತು ದಂಡ. ಮರಗಳ ಕೆಳಗೆ ಗಾಡಿ ಓಡಿಸುತ್ತಾ ಆನ್ ಮಾಡಿದರೆ ಜಾಗ ಲೆಕ್ಕ ಹಾಕಲು ಬೇಕಾದ ನಾಲ್ಕು ಉಪಗ್ರಹ ಪೂರ್ತಿ ಕೈಸೇರುವುದೇ ಇಲ್ಲ. ಇಪ್ಪತ್ತು ನಿಮಿಷ ಕಾದು ಫೋನು ಕೆಟ್ಟಿದೆ ಅಂದುಕೊಳ್ಳುವವರು ಎಡವುವುದು ಇಲ್ಲೇ.

ಈಗಿನ ಕ್ರಮ ಹೀಗಿದೆ. ಹೊರಡುವ ಮುನ್ನ ಗಡಿಯಾರವನ್ನು ಕೈಯಾರೆ ಸರಿಪಡಿಸುತ್ತೇನೆ, ಸಿಮ್ ಇಲ್ಲದ ಫೋನಿನಲ್ಲಿ ಸಮಯ ಜಾರುತ್ತಲೇ ಇರುತ್ತದೆ. ಸಮಯ ಸುಮಾರಾಗಿ ಸರಿ ಇದ್ದರೆ ಯಾವ ಉಪಗ್ರಹ ಎಲ್ಲಿರಬೇಕು ಎಂಬ ಅಂದಾಜು ಫೋನಿಗೆ ಸಿಗುತ್ತದೆ. ಬಯಲಿನಲ್ಲಿ ನಿಂತು ಜಿಪಿಎಸ್‌ಟೆಸ್ಟ್ ಎಂಬ, ಉಪಗ್ರಹಗಳ ಸಿಗ್ನಲ್ ಬಲ ತೋರಿಸುವ ಆ್ಯಪ್ ತೆರೆದು ಐದು ನಿಮಿಷ ಫೋನನ್ನು ಅಲುಗಾಡಿಸುವುದಿಲ್ಲ. ಎಂಟು ಉಪಗ್ರಹಗಳಾದರೂ ಲೆಕ್ಕಕ್ಕೆ ಸೇರಬೇಕು, ಸಿಗ್ನಲ್ ಅಂಕ 30ರ ಮೇಲಿರಬೇಕು. ಆಮೇಲಷ್ಟೇ ಸ್ಟಾರ್ಟ್. ಒಮ್ಮೆ ಹಿಡಿದ ವಿವರ ಹೆಚ್ಚುಕಮ್ಮಿ ನಾಲ್ಕು ಗಂಟೆಯೊಳಗೆ ಹಳಸುತ್ತದೆ. ಆದ್ದರಿಂದ ಚಹಾಕ್ಕೆ ನಿಲ್ಲುವುದನ್ನು ಕಾಡು ಶುರುವಾಗುವ ಮುಂಚೆಯೇ ಇಟ್ಟುಕೊಳ್ಳುತ್ತೇನೆ. ಚಾರ್ಮಾಡಿ ಇಳಿಯುವುದಾದರೆ ಕೊಟ್ಟಿಗೆಹಾರ. ಗಾಡಿಯನ್ನು ಅಂಗಡಿಯ ತಗಡಿನ ಶೀಟಿನ ಕೆಳಗೆ ನಿಲ್ಲಿಸದೆ ಆಕಾಶ ಕಾಣುವಲ್ಲಿ ನಿಲ್ಲಿಸಿದರೆ ನೀರುದೋಸೆ ಮುಗಿಯುವಷ್ಟರಲ್ಲಿ ಫೋನೂ ಹೊಟ್ಟೆ ತುಂಬಿಸಿಕೊಂಡಿರುತ್ತದೆ.

ಏರೋಪ್ಲೇನ್ ಮೋಡ್ ಹಾಕಿಯೇ ಇರಲಿ. ಸಿಮ್ ಇಲ್ಲದಿದ್ದರೂ ಫೋನು ತುರ್ತು ಕರೆಗಾಗಿ ಟವರ್ ಹುಡುಕುತ್ತಾ ಬ್ಯಾಟರಿ ತಿನ್ನುತ್ತದೆ. ಲೊಕೇಶನ್ನನ್ನು ಹಳೇ ಆಂಡ್ರಾಯ್ಡ್‌ನಲ್ಲಿ 'ಡಿವೈಸ್ ಓನ್ಲಿ'ಗೆ ಇಡಿ. ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಓಸ್ಮ್‌ಆಂಡನ್ನು ಹೊರಗಿಡಿ, ಇಲ್ಲವಾದರೆ ಪರದೆ ಆರಿದ ಹತ್ತು ನಿಮಿಷಕ್ಕೆ ಟ್ರ್ಯಾಕ್ (ಬಂದ ದಾರಿಯ ದಾಖಲೆ) ತುಂಡಾಗಿರುತ್ತದೆ.

ದುಡ್ಡು ಹೋಗಿದ್ದು ಚಾರ್ಜರ್ ಮತ್ತು ಮೌಂಟಿನಲ್ಲಿ. ಮೊದಲು ಹಾಕಿದ್ದು 250 ರೂಪಾಯಿಯ ಯುಎಸ್‌ಬಿ ಚಾರ್ಜರ್. ಮೈಮೇಲೆ 2 ಆಂಪಿಯರ್ ಅಂತ ಬರೆದಿತ್ತು, ಅಳೆದರೆ ಬರುತ್ತಿದ್ದುದು ಅರ್ಧ ಆಂಪಿಯರ್. ಎರಡು ಕಾರಣ. ಒಂದು, ಡೇಟಾ ಪಿನ್ನುಗಳೆರಡನ್ನೂ ಒಳಗೆ ಜೋಡಿಸಿರಲಿಲ್ಲ, ಹಾಗಾಗಿ ಫೋನು ಅದನ್ನು ಕಂಪ್ಯೂಟರ್ ಪೋರ್ಟ್ ಅಂದುಕೊಂಡು ಕಡಿಮೆ ಎಳೆಯುತ್ತಿತ್ತು. ಎರಡು, ಒಂದೂವರೆ ಮೀಟರಿನ ತೆಳು ಕೇಬಲ್ಲಿನಲ್ಲೇ ವೋಲ್ಟೇಜ್ ಬಿದ್ದುಹೋಗುತ್ತಿತ್ತು. ಇದಕ್ಕಿಂತ ದೊಡ್ಡ ಕಾಟ ಬೇರೆ ಇತ್ತು. ಅಗ್ಗದ ಚಾರ್ಜರ್ ರೇಡಿಯೋ ಗಲಾಟೆ ಎಬ್ಬಿಸುತ್ತದೆ. ಪ್ಲಗ್ ಹಾಕಿದ ತಕ್ಷಣ ಜಿಪಿಎಸ್‌ಟೆಸ್ಟ್‌ನ ಅಂಕ 37ರಿಂದ 29ಕ್ಕೆ ಇಳಿಯುವುದು, ತೆಗೆದರೆ ಮತ್ತೆ ಏರುವುದು. ಮರದ ನೆರಳಿಗೆ ಆ ಎಂಟು ಅಂಕ ಬೇಕೇ ಬೇಕು. ಈಗ ಇರುವುದು 650ರ ಚಾರ್ಜರ್, ಸೀಟಿನ ಕೆಳಗೆ, ಫೋನಿನಿಂದ ಆದಷ್ಟು ದೂರ. ದಪ್ಪ ಕೇಬಲ್, ಅದರ ಎರಡೂ ತುದಿಗೆ ರೇಡಿಯೋ ಗಲಾಟೆ ತಗ್ಗಿಸುವ ಫೆರೈಟ್ ಉಂಗುರ. ಇಗ್ನಿಷನ್‌ನಿಂದ ರಿಲೇ (ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬಿಡುವ ಸ್ವಿಚ್ಚು), ಬ್ಯಾಟರಿ ಪಾಸಿಟಿವ್‌ನ ಹತ್ತಿರವೇ 3 ಆಂಪಿಯರ್ ಫ್ಯೂಸ್. ಫ್ಯೂಸನ್ನು ಚಾರ್ಜರ್ ಕಡೆಗೆ ಹಾಕಿದರೆ ನಡುವಿನ ವೈರ್ ಚಾಸಿಗೆ ತಾಗಿ ಶಾರ್ಟ್ ಆದಾಗ ಅದು ಇದ್ದೂ ಇಲ್ಲದಂತೆ.

ಮೌಂಟು, ಪ್ಲಾಸ್ಟಿಕ್ಕಿನವು ಎರಡು ಮುರಿದವು, ತಲಾ 350. ಮೂರನೆಯದು ಅಲ್ಯೂಮಿನಿಯಂ, 1100. ಕಂಪನ ತಡೆಯಲು ಅದರ ಬುಡದಲ್ಲಿ ಒಂದು ಪದರ ಹಾಕಿದ್ದೇನೆ. ಅದು ಯಾವುದು, ಎಷ್ಟು ದಪ್ಪ ಅಂತ ಇಲ್ಲಿ ಬರೆಯುವುದಿಲ್ಲ, ಅದನ್ನು ಹುಡುಕಲು ಒಂದು ವರ್ಷ ಹಿಡಿದಿದೆ. ಒಂದು ಮಾತು ಮಾತ್ರ: ಕ್ಯಾಮೆರಾದಲ್ಲಿ ಓಐಎಸ್ (ಕೈ ಅಲುಗಾಟ ಸರಿದೂಗಿಸುವ ವ್ಯವಸ್ಥೆ) ಇರುವ ಫೋನನ್ನು ಹ್ಯಾಂಡಲ್ಲಿಗೆ ಕಟ್ಟಬೇಡಿ. ಬೈಕಿನ ಕಂಪನಕ್ಕೆ ಅದು ಹಾಳಾಗಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಹಳೇ ಅಗ್ಗದ ಫೋನಿಗೆ ಆ ಭಯ ಇಲ್ಲ.

ಒಟ್ಟು ಲೆಕ್ಕ: ಫೋನ್ 2500, ಮೌಂಟು 1100, ಚಾರ್ಜರ್ 650, ರಿಲೇ-ಫ್ಯೂಸ್-ವೈರು 300, ಕಾರ್ಡು 350. ಐದು ಸಾವಿರದೊಳಗೆ. ದಂಡವಾಗಿದ್ದು ಬೇರೆ ಸಾವಿರದ ಹತ್ತಿರ.

ಬಿಸಿಲು ಮಳೆಗಿಂತ ಕೆಟ್ಟದ್ದು. ಏಪ್ರಿಲ್‌ನಲ್ಲಿ ಹಾಸನ ದಾಟುವಷ್ಟರಲ್ಲಿ ಫೋನು ಕಾದು ಚಾರ್ಜ್ ತಗೊಳ್ಳುವುದನ್ನೇ ನಿಲ್ಲಿಸುತ್ತದೆ. ಕಪ್ಪು ಕವರ್ ಕಿತ್ತು ಹಿಂಬದಿ ಗಾಳಿಯಾಡುವಂತೆ ಬಿಟ್ಟೆ. ಪರದೆಯನ್ನು ಆರಿಸಿಟ್ಟು, ತಿರುವು ಹತ್ತಿರ ಬಂದಾಗ ಮಾತ್ರ ತಾನಾಗಿ ಹೊತ್ತಿಕೊಳ್ಳುವಂತೆ ಓಸ್ಮ್‌ಆಂಡ್‌ನಲ್ಲೇ ಆಯ್ಕೆ ಇದೆ. ಪರದೆ ಸದಾ ಉರಿಯುತ್ತಿದ್ದಾಗ ಗಂಟೆಗೆ ಶೇ 18–20 ಬ್ಯಾಟರಿ ಇಳಿಯುತ್ತಿತ್ತು, ಈಗ ಆರೇಳು.

ದಾರಿಯನ್ನು ಆ್ಯಪ್‌ನ ಇಷ್ಟಕ್ಕೆ ಬಿಟ್ಟರೆ ಕೆಟ್ಟಿರಿ. ಮೂಡಿಗೆರೆ, ಬಾಳೆಹೊನ್ನೂರು ಕಡೆ ಅದು ಕಾಫಿ ತೋಟದ ಒಳದಾರಿಗೆ ನುಗ್ಗಿಸುತ್ತದೆ, ಮೂರು ಕಿಲೋಮೀಟರ್ ಹೋದ ಮೇಲೆ ಬೀಗ ಹಾಕಿದ ಗೇಟು. ಖಾಸಗಿ ದಾರಿ ಅಂತ ನಕ್ಷೆಯಲ್ಲಿ ಗುರುತು ಹಾಕಿರದಿದ್ದರೆ ಅದಕ್ಕೆ ಎಲ್ಲವೂ ರಸ್ತೆಯೇ. ಮನೆಯಲ್ಲೇ ದಾರಿ ಗೀಚಿ ಜಿಪಿಎಕ್ಸ್ ಕಡತ ಮಾಡಿಕೊಳ್ಳುತ್ತೇನೆ, ದಾರಿ ತಪ್ಪಿದರೆ ಹೊಸದಾಗಿ ಲೆಕ್ಕ ಹಾಕುವುದನ್ನು ಆಫ್ ಮಾಡುತ್ತೇನೆ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಮುಚ್ಚಿರುತ್ತದೆ. ಗುಂಡ್ಲುಪೇಟೆಯಲ್ಲೇ ಒಂದು ಗುರುತು ನೆಟ್ಟು ಅದರ ಹೆಸರಿನಲ್ಲೇ '9ಕ್ಕೆ ಗೇಟ್' ಅಂತ ಬರೆದಿಟ್ಟಿದ್ದೇನೆ, ಪಕ್ಕ ಬಂದಾಗ ಫೋನೇ ನೆನಪಿಸುತ್ತದೆ. ಘಾಟಿಗಳ ನನ್ನ ಪೂರ್ತಿ ಟ್ರ್ಯಾಕುಗಳನ್ನು ಮಾತ್ರ ಕೊಡುವುದಿಲ್ಲ.

ಎತ್ತರದ್ದೂ ಒಂದು ಪ್ರಯೋಗ ಮಾಡಿದೆ. ಪಣಂಬೂರಿನ ಮರಳಿನ ಮೇಲೆ ನಿಂತರೆ ಫೋನು ಸಮುದ್ರಕ್ಕಿಂತ ಎಂಬತ್ತು-ತೊಂಬತ್ತು ಮೀಟರ್ ಕೆಳಗೆ ಅಂತ ತೋರಿಸುತ್ತದೆ. ಇದು ಫೋನಿನ ತಪ್ಪಲ್ಲ. ಜಿಪಿಎಸ್ ಎತ್ತರ ಅಳೆಯುವುದು ಭೂಮಿಯ ಗಣಿತದ ಆಕಾರದಿಂದ, ದಕ್ಷಿಣ ಭಾರತದ ಸುತ್ತ ನಿಜವಾದ ಸಮುದ್ರಮಟ್ಟ ಅದಕ್ಕಿಂತ ಅಷ್ಟು ತಗ್ಗಿನಲ್ಲಿದೆ. ಓಸ್ಮ್‌ಆಂಡ್‌ನಲ್ಲಿ ಎತ್ತರ ತಿದ್ದುವ ಪುಟ್ಟ ಕಡತ ಸಿಗುತ್ತದೆ, ಹಾಕಿಕೊಂಡರೆ ಹತ್ತು ಹದಿನೈದು ಮೀಟರಿನೊಳಗೆ ಸರಿಬರುತ್ತದೆ.

ಜಿಪಿಎಸ್‌ನಂಥ ಭಾರತದ ಉಪಗ್ರಹ ವ್ಯವಸ್ಥೆ ನಾವಿಕ್ ಹಿಡಿಯುವ ಹೊಸ ಫೋನನ್ನೂ ಪಕ್ಕದಲ್ಲೇ ಕಟ್ಟಿ ಓಡಿಸಿದೆ. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಕೇಂದ್ರವಿರುವ ನಮ್ಮದೇ ವ್ಯವಸ್ಥೆ ಎಂಬ ಅಭಿಮಾನ ಬೇರೆ. ಆಕಾಶದಲ್ಲಿ ಎತ್ತರದಲ್ಲಿ ಕಾಣುವ ಉಪಗ್ರಹವೇ ಗುಡ್ಡದ ಸಂದಿಯಲ್ಲಿ ಬೇಕು. ಹಳೇ ಫೋನಿನ ರಿಸೀವರಿಗೆ ನಾವಿಕ್‌ನ ಅಲೆ ಕೇಳಿಸುವುದೇ ಇಲ್ಲ. ಆದರೂ ಆಗುಂಬೆಯ ಹೇರ್‌ಪಿನ್ನುಗಳಲ್ಲಿ ಎರಡರ ಟ್ರ್ಯಾಕೂ ಹೆಚ್ಚುಕಮ್ಮಿ ಒಂದೇ ಗೆರೆ. ದಾರಿ ನೋಡುವುದಕ್ಕೆ ಹಳೆಯದು ಸಾಕು.

ಮಳೆಗೆ ಇನ್ನೂ ಪೂರ್ತಿ ಮದ್ದು ಸಿಕ್ಕಿಲ್ಲ. ಪರದೆಯ ಮೇಲೆ ಹನಿ ಬಿದ್ದರೆ ಅದೂ ಬೆರಳೇ, ನಕ್ಷೆ ತಾನಾಗಿ ಎಲ್ಲೆಲ್ಲೋ ಹಾರುತ್ತದೆ. 2009ರ ನೋಕಿಯಾ 5800 ನ್ಯಾವಿಗೇಶನ್ ಎಡಿಷನ್‌ಗೆ ಈ ತೊಂದರೆ ಇರಲಿಲ್ಲ. ಅದರ ಪರದೆ ಒತ್ತಿದರೆ ಮಾತ್ರ ಕೇಳುತ್ತಿತ್ತು, ಗ್ಲೌಸ್ ಹಾಕಿದ ಬೆರಳಿಗೂ ಸೈ. ಈಗಿನ ಫೋನಿನಲ್ಲಿ ನಾನು ಟಚ್ ಲಾಕ್ ಮಾಡಿ, ಜೂಮ್ ಕೆಲಸವನ್ನು ವಾಲ್ಯೂಮ್ ಗುಂಡಿಗಳಿಗೆ ಕೊಟ್ಟಿದ್ದೇನೆ. ಚಾರ್ಜಿಂಗ್ ಪಿನ್ನಿಗೆ ನೀರು ಇಳಿಯದಂತೆ ಸೈಕಲ್ ಟ್ಯೂಬಿನ ಎರಡು ಇಂಚಿನ ತುಂಡನ್ನು ಕೇಬಲ್ಲಿಗೆ ಮೊದಲೇ ಪೋಣಿಸಿ, ಚುಚ್ಚಿದ ಮೇಲೆ ಪಿನ್ನಿನ ಬುಡದವರೆಗೆ ಎಳೆಯುತ್ತೇನೆ, ಪೋರ್ಟು ಕೆಳಮುಖವಾಗಿ ಇರುತ್ತದೆ. ಟ್ಯೂಬು ಸಡಿಲವಾಗುತ್ತದೆ, ಎರಡು ತಿಂಗಳಿಗೊಮ್ಮೆ ಬದಲಿಸಬೇಕು.