ನಿಲುವು ವಿಡಿಯೊವನ್ನು ಅಡ್ಡ ಸ್ಲೈಡಿಗೆ ಕೂರಿಸಿದ ಬಗೆ: ನನ್ನ ಅನುಭವ

ಮೊಬೈಲನ್ನು ನಿಲುವಾಗಿ ಹಿಡಿದು ತೆಗೆದ ವಿಡಿಯೊ ತರಬೇತಿ ಸ್ಲೈಡಿಗೆ ಹೊಂದುವುದೇ ಇಲ್ಲ, ಎಲ್ಲವನ್ನೂ ಅಡ್ಡವಾಗಿ ಮತ್ತೆ ಚಿತ್ರೀಕರಿಸಲೇಬೇಕು ಎಂದು ನನ್ನ ಜೊತೆಯ ತರಬೇತುದಾರರು ಬಹುಕಾಲ ವಾದಿಸಿದರು. ಹಳ್ಳಿಯ ಹಾಲಿನ ಸಂಘಗಳ ಪರೀಕ್ಷಕರಿಗಾಗಿ ನಾನು ನಡೆಸುವ ಆನ್‌ಲೈನ್ ತರಬೇತಿಯಲ್ಲಿ ಈಗಿರುವುದು ಬಹುಮಟ್ಟಿಗೆ ನಿಲುವು ವಿಡಿಯೊಗಳೇ. ಹಾಗೆ ವಾದಿಸಿದವರಲ್ಲಿ ಇಬ್ಬರು ಈಚೆಗೆ ನನ್ನ ಪವರ್‌ಪಾಯಿಂಟ್ ಕಡತವನ್ನೇ ಮಾದರಿಗೆಂದು ಕೇಳಿ ಪಡೆದಿದ್ದಾರೆ. ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ತೇಲುವ ಜಾರ್ ತಾನೇ ನಿಲುವಾದ ವಸ್ತು. ಅಡ್ಡ ಚೌಕಟ್ಟಿನಲ್ಲಿ ಅದರ ಎರಡೂ ಬದಿಗೆ ಗೋಡೆ, ಕ್ಯಾನು, ಪಕ್ಕದವರ ಮೊಣಕೈ ಕಾಣುತ್ತವೆಯೇ ಹೊರತು ಓದಬೇಕಾದ ಗೆರೆ ಕಾಣುವುದಿಲ್ಲ.

ಮೊದಲು ವಿಡಿಯೊವನ್ನು ಸ್ಲೈಡಿನ ನಡುವೆ ಇಟ್ಟು ಎರಡು ಬದಿಗೂ ಕಪ್ಪು ಪಟ್ಟಿ ಬಿಟ್ಟಿದ್ದೆ. ಅದು ಕಿಂಡಿಯಲ್ಲಿ ಇಣುಕಿ ನೋಡಿದಂತಿತ್ತು. ಸುದ್ದಿವಾಹಿನಿಗಳು ಮಾಡುವಂತೆ ಅದೇ ದೃಶ್ಯವನ್ನು ಮಸುಕುಗೊಳಿಸಿ ಬದಿಗಳಿಗೆ ತುಂಬಿದಾಗ, ಆ ಮಸುಕೂ ಅಲುಗಾಡುತ್ತಿದ್ದುದರಿಂದ ನೋಡುವವರ ಕಣ್ಣು ಜಾರ್ ಬಿಟ್ಟು ಅತ್ತಲೇ ಹೋಗುತ್ತಿತ್ತು. ಆಮೇಲೆ ಒಬ್ಬ ಸಂಕಲನಕಾರರಿಗೆ ನಿಮಿಷಕ್ಕೆ ಸಾವಿರದ ಇನ್ನೂರರಂತೆ ಹನ್ನೆರಡು ಸಾವಿರದಷ್ಟು ಹಣ ಕೊಟ್ಟೆ. ಸಂಗೀತ, ಹಾರಿಬರುವ ಶೀರ್ಷಿಕೆ ಎಲ್ಲವೂ ಬಂದವು. ಆದರೆ ಚೌಕಟ್ಟು ತುಂಬಿಸಲೆಂದು ಮೇಲೆ ಕೆಳಗೆ ಕತ್ತರಿಸಿದ್ದರಿಂದ ಲ್ಯಾಕ್ಟೋಮೀಟರಿನ ಅಂಕಿಗಳೇ ಹಾರಿಹೋಗಿದ್ದವು. ಆ ಹಣ ಪೂರ್ತಿ ನಷ್ಟ.

ಕೊನೆಗೆ ಗೆದ್ದ ವಿಧಾನದಲ್ಲಿ ವಿಡಿಯೊ ಸ್ಲೈಡಿನ ಬಲ ಅಂಚಿಗೆ ಅಂಟಿ, ಮೇಲಿನಿಂದ ಕೆಳಗಿನವರೆಗೆ ಪೂರ್ಣ ಎತ್ತರಕ್ಕೆ ನಿಲ್ಲುತ್ತದೆ. 13.33 ಇಂಚು ಅಗಲ, 7.5 ಇಂಚು ಎತ್ತರದ ಸ್ಲೈಡಿನಲ್ಲಿ ಅದು ಹಿಡಿಯುವ ಅಗಲ 4.2 ಇಂಚಿನಷ್ಟು, ಅಂದರೆ ಮೂರರಲ್ಲೊಂದು ಭಾಗಕ್ಕೂ ತುಸು ಕಡಿಮೆ. ಎಡಗಡೆ ಉಳಿದ ಜಾಗದಲ್ಲಿ ಒಂದೇ ವಾಕ್ಯ ಮತ್ತು ಒಂದು ದೊಡ್ಡ ಅಂಕಿ ಇರುತ್ತವೆ. ಆ ಅಂಕಿ ಮೊದಲೇ ಕಾಣಬಾರದು: ಲ್ಯಾಕ್ಟೋಮೀಟರ್ ಅಲುಗಾಟ ನಿಲ್ಲಿಸಿ 28ರ ಗೆರೆಯಲ್ಲಿ ನಿಂತ ಕ್ಷಣಕ್ಕೆ ವಿಡಿಯೊದಲ್ಲಿ ಬುಕ್‌ಮಾರ್ಕ್ ಹಾಕಿ, ಅಂಕಿಯ ಅನಿಮೇಶನ್‌ಗೆ ಅದನ್ನೇ ಟ್ರಿಗರ್ ಮಾಡಿದ್ದೇನೆ, ಅಂದರೆ ವಿಡಿಯೊ ಆ ಗುರುತಿಗೆ ಬಂದಾಗಲೇ ಅಂಕಿ ಮೂಡುತ್ತದೆ. ಇದೊಂದರಿಂದಲೇ ವಿಡಿಯೊವೂ ಸ್ಲೈಡೂ ಒಂದೇ ವಸ್ತುವಾದವು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ವಿಡಿಯೊ ಶುರುವಾಗುವ ಮುನ್ನ ಸ್ಲೈಡಿನಲ್ಲಿ ಕಾಣುವ ಸ್ಥಿರಚಿತ್ರಕ್ಕೆ, ಅಂದರೆ ಪೋಸ್ಟರ್ ಫ್ರೇಮ್‌ಗೆ ಆರಂಭದ ಮಸುಕು ದೃಶ್ಯವನ್ನು ಬಿಟ್ಟು, ಜಾರ್ ಸ್ಪಷ್ಟವಾಗಿರುವ ದೃಶ್ಯವನ್ನೇ ಆರಿಸಬೇಕು.

ಹಾಲಿನದೇ ಒಂದು ವಿಶೇಷ ತೊಡಕಿದೆ. ಬಿಳಿ ಸ್ಲೈಡಿನ ಮೇಲೆ ಬಿಳಿ ಹಾಲು ಅಂಚು ಕಳೆದುಕೊಂಡು ನಿಸ್ತೇಜವಾಗುತ್ತದೆ. ಹಿನ್ನೆಲೆಗೆ ಗಾಢ ನೀಲಿ ಬೂದು ಬಣ್ಣ ಕೊಟ್ಟಾಗ ಅದೇ ಹಾಲು ಎದ್ದು ಕಾಣುತ್ತದೆ. ವಿಡಿಯೊದ ನೆರಳಿನಿಂದ ಆ ಬಣ್ಣವನ್ನು ಹೇಗೆ ಎತ್ತಿ, ಎಷ್ಟು ಮಂಕಾಗಿಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ನಡುವೆ ಚಿಕ್ಕ ದೃಶ್ಯಗಳನ್ನು ಜಿಫ್ ಮಾಡಿ ನೋಡಿದ್ದೂ ಉಂಟು. ಒಂದು ಚಿತ್ರದಲ್ಲಿ 256 ಬಣ್ಣಗಳಷ್ಟೇ ಸಿಗುವುದರಿಂದ ಹಾಲಿನ ಮೇಲಿನ ನಯವಾದ ನೆರಳು ಪಟ್ಟೆಪಟ್ಟೆಯಾಯಿತು, ಕಡತದ ಗಾತ್ರವೂ ಎಂಪಿ4ಕ್ಕಿಂತ ಹಲವು ಪಟ್ಟಾಯಿತು. ಶಬ್ದ ತೆಗೆದ ಎಂಪಿ4ಅನ್ನು ಲೂಪ್‌ನಲ್ಲಿ ಓಡಿಸುವುದೇ ಎಲ್ಲ ರೀತಿಯಿಂದಲೂ ಮೇಲು.

ಜೂಮ್‌ನಲ್ಲಿ ಪರದೆ ಹಂಚುವಾಗ ವಿಡಿಯೊ ಕ್ಲಿಪ್‌ಗೆ ಆಪ್ಟಿಮೈಸ್ ಮಾಡುವ ಆಯ್ಕೆ ಒತ್ತಿದರೆ ಚಲನೆ ಸರಾಗವಾಗುತ್ತದೆ, ಆದರೆ ಅಕ್ಷರ ಮಸುಕಾಗುತ್ತದೆ. ಎಡಬದಿಯ ಅಕ್ಷರವನ್ನು ನಾನು 32 ಪಾಯಿಂಟ್‌ಗಿಂತ ಕೆಳಗಿಳಿಸದಿರುವುದು ಈ ಕಾರಣಕ್ಕೆ. ಹೊಸ ಮೊಬೈಲ್‌ಗಳ ಎಚ್‌ಇವಿಸಿ ಎಂಬ ಸಂಕೋಚನ ಬಗೆಯ ವಿಡಿಯೊ ಹಳೆಯ ಕಂಪ್ಯೂಟರ್‌ಗಳಲ್ಲಿ ತೆರೆಯದೆ ಕಾಡುವುದರಿಂದ, ಎಲ್ಲವನ್ನೂ ಉಚಿತವಾಗಿ ಸಿಗುವ ತಂತ್ರಾಂಶ ಹ್ಯಾಂಡ್‌ಬ್ರೇಕ್‌ನಲ್ಲಿ ಹಳೆಯ ಬಗೆಯಾದ ಎಚ್.264ಕ್ಕೆ ಬದಲಿಸಿ 720×1280 ಪಿಕ್ಸೆಲ್‌ಗೆ ಇಳಿಸುತ್ತೇನೆ. 1080 ಸಾಲುಗಳ ಪರದೆಯಲ್ಲಿ ಇದಕ್ಕಿಂತ ಹೆಚ್ಚು ವಿವರ ಕಾಣುವ ಪ್ರಶ್ನೆಯೇ ಇಲ್ಲ. ಎಂಟುನೂರು ಎಂಬಿಯ ಆಸುಪಾಸಿನಲ್ಲಿದ್ದ ಪಾಠ ಹೀಗೆ ನೂರರ ಒಳಗೆ ಬಂತು. ಒಂಬೈನೂರು ರೂಪಾಯಿಯ ಕಾಲರ್ ಮೈಕ್, ನಾಲ್ಕುನೂರರ ಸ್ಟ್ಯಾಂಡ್ ಬಿಟ್ಟರೆ ಈ ವಿಧಾನಕ್ಕೆ ಬೇರೆ ಖರ್ಚು ಬಿದ್ದಿಲ್ಲ. ಮುಂದಿನದು ಕ್ಯಾನ್ ತೊಳೆಯುವ ಪಾಠ. ಅಲ್ಲಿ ಕ್ಯಾನು ಮಲಗಿರುತ್ತದೆ, ಆದ್ದರಿಂದ ಅದನ್ನು ಅಡ್ಡವಾಗಿಯೇ ಚಿತ್ರೀಕರಿಸುತ್ತಿದ್ದೇನೆ.