ಗೇರ್ ಲಿವರ್ ಅಲ್ಲಾಡ್ತಿದ್ಯಾ? ಮಳೆ ಹಿಡಿಯುವ ಮೊದಲೇ ಬಿಗಿ ಮಾಡಿ

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಗೇರ್ ಕೈಕೊಟ್ಟರೆ ಚಿಕ್ಕ ಗೇರ್‌ಗೆ ಇಳಿಸಲಾಗದೆ ಎಂಜಿನ್ ಹಿಡಿತವೂ ಸಾಲದು, ಹೆಚ್ಚಾಗಿ ಬ್ರೇಕನ್ನೇ ನಂಬಬೇಕು. ಅದಕ್ಕೇ ಕಾಲಿನ ಗೇರ್ ಲಿವರ್ ಸ್ವಲ್ಪ ಸಡಿಲ ಅನಿಸಿದ ಕೂಡಲೇ ನೋಡಿಬಿಡಿ. ಹತ್ತನೇ ನಂಬರ್ ಸ್ಪ್ಯಾನರ್ ಇದ್ದರೆ ಹೆಚ್ಚಿನ ಬೈಕ್‌ಗಳಲ್ಲಿ ಮನೆಯಂಗಳದಲ್ಲೇ ಆಗುವ ಕೆಲಸ ಇದು.

ಮೊದಲು ಎಂಜಿನ್ ಆರಿಸಿ, ತಣ್ಣಗಾಗಲು ಬಿಡಿ. ನ್ಯೂಟ್ರಲ್‌ಗೆ ಹಾಕಿ ಸೆಂಟರ್ ಸ್ಟ್ಯಾಂಡ್ ಎಳೆಯಿರಿ. ಲಿವರ್ ಕೂತಿರುವ ಶಾಫ್ಟ್ ತುದಿಯಿಂದ ಲಿವರ್ ಮೇಲಕ್ಕೆ ಸೇರಿಸಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಈಗ ಲಿವರನ್ನು ಕೈಯಲ್ಲಿ ಮೇಲೆ ಕೆಳಗೆ ಆಡಿಸಿ. ಗೆರೆ ಒಂದೇ ಸಾಲಿನಲ್ಲಿ ಉಳಿದರೆ ಚಿಂತೆಯಿಲ್ಲ, ಸ್ವಲ್ಪ ಆಟ ಎಲ್ಲ ಬೈಕಿನಲ್ಲೂ ಇರುತ್ತದೆ. ಗೆರೆ ಮುರಿದು ಎರಡಾದರೆ ಲಿವರ್ ಶಾಫ್ಟ್ ಮೇಲೆ ಜಾರುತ್ತಿದೆ ಎಂದರ್ಥ.

ಶಾಫ್ಟ್ ಸುತ್ತ ಸಣ್ಣ ಹಲ್ಲುಗಳಿವೆ, ಲಿವರ್ ಒಳಗೂ ಅಂಥದ್ದೇ ಹಲ್ಲುಗಳಿವೆ, ಬೋಲ್ಟ್ ಲಿವರಿನ ಸೀಳನ್ನು ಹಿಂಡಿ ಎರಡನ್ನೂ ಕಚ್ಚಿಸಿ ಹಿಡಿಯುತ್ತದೆ. ಸಡಿಲ ಇಟ್ಟುಕೊಂಡೇ ಓಡಿಸಿದರೆ ಹಲ್ಲು ಸವೆಯುತ್ತದೆ. ಲಿವರ್ ಹಲ್ಲು ಹೋದರೆ ಹೊಸ ಲಿವರ್ ಹಾಕಿದರಾಯ್ತು, ಆದರೆ ಶಾಫ್ಟ್ ಹಲ್ಲು ಹೋದರೆ ಎಂಜಿನ್ ಬಿಚ್ಚುವ ಕೆಲಸ. ಖರ್ಚು ಎಷ್ಟು ಜಾಸ್ತಿ ಅಂತ ನೀವೇ ಯೋಚಿಸಿ.

ಬೋಲ್ಟನ್ನು ಸಡಿಲಿಸಿ ಬಿಟ್ಟರೆ ಸಾಲದು, ಪೂರ್ತಿ ತೆಗೆಯಿರಿ. ಎಷ್ಟೋ ಬೈಕ್‌ಗಳಲ್ಲಿ ಅದು ಶಾಫ್ಟಿನ ಒಂದು ಕಚ್ಚಿನೊಳಗೆ ಹಾದುಹೋಗುತ್ತದೆ, ಅದು ಒಳಗಿರುವಷ್ಟು ಹೊತ್ತು ಲಿವರ್ ಹೊರಗೆ ಬರುವುದಿಲ್ಲ. ಬರಲಿಲ್ಲವೆಂದು ಸುತ್ತಿಗೆಯಲ್ಲಿ ಮಾತ್ರ ಹೊಡೆಯಬೇಡಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸ್ವಲ್ಪ ಕಾದು, ಅತ್ತಿತ್ತ ಆಡಿಸುತ್ತಾ ಎಳೆಯಿರಿ. ತೋಟದ ದಾರಿಯಲ್ಲಿ ಓಡಾಡುವ ಬೈಕ್ ಆದರೆ ಒಳಗೆ ಕೆಸರು ಒಣಗಿ ಗಟ್ಟಿಯಾಗಿರುತ್ತದೆ, ಹಳೇ ಹಲ್ಲುಜ್ಜುವ ಬ್ರಷ್‌ಗೆ ಡೀಸೆಲ್ ಹಚ್ಚಿ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ.

ಇನ್ನು ಎತ್ತರ. ಇದನ್ನು ಬರಿಗಾಲಲ್ಲಿ ನೋಡಬೇಡಿ, ನೀವು ದಿನಾ ಹಾಕುವ ಶೂನಲ್ಲೇ ನೋಡಿ. ಫುಟ್‌ರೆಸ್ಟ್ ಮೇಲೆ ಕಾಲಿಟ್ಟಾಗ, ಪಾದ ಎತ್ತದೆ ಬೆರಳ ತುದಿ ಲಿವರ್ ಕೆಳಗೆ ಹೋಗಬೇಕು, ಮೇಲಿಂದ ಒತ್ತಲೂ ಆಗಬೇಕು. ನಮ್ಮ ಮೂಡಿಗೆರೆ, ಕೊಪ್ಪದ ಕಡೆ ಮಳೆಗಾಲ ಪೂರ್ತಿ ಗಮ್‌ಬೂಟ್ ಅಲ್ವಾ, ಅದರ ಮೂತಿ ದಪ್ಪ, ಚಪ್ಪಲಿಗೆ ಸರಿಹೋದ ಲಿವರ್ ಕೆಳಗೆ ಅದು ತೂರುವುದೇ ಇಲ್ಲ. ಒಂದು ಹಲ್ಲು ಮೇಲಕ್ಕೆ ಕೂರಿಸಿ ನೋಡಿ, ತುದಿಯಲ್ಲಿ ಚೆನ್ನಾಗಿ ವ್ಯತ್ಯಾಸ ಗೊತ್ತಾಗುತ್ತದೆ. ಹಿಮ್ಮಡಿಯಿಂದಲೂ ಒತ್ತುವ ಲಿವರ್ ಆದರೆ, ಮುಂದೆ ಎತ್ತಿದಷ್ಟೂ ಹಿಂದೆ ಇಳಿಯುತ್ತದೆ, ಅದು ಫುಟ್‌ರೆಸ್ಟ್‌ಗೋ ಸ್ಟ್ಯಾಂಡ್‌ಗೋ ತಾಗದಂತೆ ನೋಡಿಕೊಳ್ಳಿ. ಲಿವರಿಗೂ ಶಾಫ್ಟಿಗೂ ನಡುವೆ ರಾಡ್ ಇರುವ ಬೈಕ್‌ಗಳಲ್ಲಿ ಹಲ್ಲು ಮುಟ್ಟುವುದೇ ಬೇಡ. ರಾಡಿನ ಎರಡೂ ತುದಿಯ ನಟ್ ಸಡಿಲಿಸಿ ರಾಡನ್ನೇ ತಿರುಗಿಸಿ. ಸಾಮಾನ್ಯವಾಗಿ ಒಂದು ತುದಿಯ ನಟ್ ಉಲ್ಟಾ ಥ್ರೆಡ್, ಅಂದರೆ ಬಿಚ್ಚಲು ಬಲಕ್ಕೆ ತಿರುಗಿಸಬೇಕು, ಜೋರು ಹಾಕುವ ಮೊದಲು ಗಮನಿಸಿ. ಆಮೇಲೆ ಎರಡೂ ನಟ್ ಮರೆಯದೆ ಬಿಗಿ ಮಾಡಿ.

ಲಿವರನ್ನು ಪೂರ್ತಿ ಒಳಕ್ಕೆ ತಳ್ಳಿ, ಬೋಲ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ. ಚಪ್ಪಟೆಯಾದ ಸ್ಪ್ರಿಂಗ್ ವಾಷರ್ ಇದ್ದರೆ ಬದಲಾಯಿಸಿ, ಬೋಲ್ಟ್ ಸಡಿಲವಾಗದಂತೆ ಹಿಡಿಯುವ ನೀಲಿ ಅಂಟು, ಅಂದರೆ ಥ್ರೆಡ್‌ಲಾಕ್, ಒಂದು ಹನಿ ಹಾಕಿ. ಇಂಥ 6 ಮಿಲಿಮೀಟರ್ ಬೋಲ್ಟ್‌ಗೆ ಸುಮಾರು 10 ನ್ಯೂಟನ್ ಮೀಟರ್ ಬಿಗಿ ಸಾಕು, ನಿಮ್ಮ ಬೈಕಿನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಎಳೆದರೆ ಥ್ರೆಡ್ ಹೋಗುತ್ತದೆ. ಬಿಗಿ ಮಾಡಿದ ಮೇಲೂ ಸೀಳಿನಲ್ಲಿ ಸ್ವಲ್ಪ ಸಂದು ಉಳಿದಿರಬೇಕು. ಎರಡೂ ಬದಿ ಕೂಡಿಕೊಂಡಿದ್ದರೆ ಆ ಲಿವರ್ ಇನ್ನು ಹಿಡಿಯುವುದಿಲ್ಲ, ಹೊಸದು ಹಾಕಿ.

ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಎಲ್ಲ ಗೇರೂ ಹಾಕಿ ನೋಡಿ. ಹೊಸ ಜಾಗಕ್ಕೆ ಮತ್ತೊಂದು ಗೆರೆ ಎಳೆದಿಡಿ, ಮೊದಲ ಘಾಟಿ ಓಡಾಟದ ನಂತರ ಅದನ್ನೊಮ್ಮೆ ನೋಡಿ.

ದಾರಿ ಮಧ್ಯದಲ್ಲೇ ಲಿವರ್ ಹಲ್ಲು ಹೋದರೆ? ತಗಡಿನ ಡಬ್ಬಿಯಿಂದ ತೆಳ್ಳಗಿನ ಪಟ್ಟಿ ಕತ್ತರಿಸಿ ಶಾಫ್ಟಿಗೂ ಲಿವರಿಗೂ ನಡುವೆ ತೂರಿಸಿ ಬಿಗಿ ಮಾಡಿ. ಸಮತಟ್ಟಾದ ದಾರಿಯಲ್ಲಿ ನಿಧಾನಕ್ಕೆ ಹತ್ತಿರದ ಮೆಕ್ಯಾನಿಕ್ ತನಕ ಹೋಗಬಹುದು, ಘಾಟಿ ಇಳಿಯಲು ಮಾತ್ರ ಅದನ್ನು ನಂಬಬೇಡಿ.