ಹಳೇ ಫಿಲ್ಮ್ ತಂದೀರೇನ್ರಿ?

ಹುಬ್ಬಳ್ಳಿಯ ಒಂದು ಸ್ಕ್ಯಾನ್ ಸೆಂಟರಿನಲ್ಲಿ ನಾನು ಎಂಆರ್‌ಐ ಟೆಕ್ನಿಷಿಯನ್. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ಕಾಯಿಲೆಯ ಸಂಶಯ ಇದ್ದವರು ಬಂದರೆ ನನ್ನ ಮೊದಲ ಪ್ರಶ್ನೆ ಇದೇ: "ಹಳೇ ಫಿಲ್ಮ್ ತಂದೀರೇನ್ರಿ?"

ಹೋದ ಮಳೆಗಾಲದಲ್ಲಿ ಗದಗದ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದರು. ಎರಡು ವರ್ಷದ ಹಿಂದೆ ಒಂದು ಕಣ್ಣು ಮಂಜಾಗಿ, ಕೆಲವು ವಾರಗಳಲ್ಲಿ ಸರಿಹೋಗಿತ್ತು. ಈಗ ಕಾಲು ಜೋಮು. "ಕಣ್ಣಿಗೂ ಕಾಲಿಗೂ ಏನ್ ಸಂಬಂಧ್ರಿ?" ಅಂದರು. ಸಂಬಂಧ ಇದೆ. ಈ ಕಾಯಿಲೆಯಲ್ಲಿ ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ನರದ ಮೇಲಿನ ಮೈಲಿನ್ ಹೊದಿಕೆಯನ್ನು ಕೆಡಿಸುತ್ತದೆ. ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದ ಹಾಗೆ. ಎಲ್ಲಿ ಸುಲಿಯಿತೋ ಅದರ ಮೇಲೆ ತೊಂದರೆ: ಒಮ್ಮೆ ಕಣ್ಣು, ಇನ್ನೊಮ್ಮೆ ಕಾಲು.

1868ರಲ್ಲಿ ಫ್ರಾನ್ಸಿನ ವೈದ್ಯ ಶಾರ್ಕೋ ಈ ಕಾಯಿಲೆಯನ್ನು ವಿವರಿಸಿದಾಗ, ಮೈಲಿನ್ ಕೆಟ್ಟ ಜಾಗದ ಗಾಯ ನೋಡಬೇಕಾದರೆ ತೀರಿಕೊಂಡವರ ಮೆದುಳನ್ನೇ ನೋಡಬೇಕಿತ್ತು. ಮುಂದೆ ಸಿಟಿ ಸ್ಕ್ಯಾನ್ ಬಂದರೂ ಅದರಲ್ಲಿ ಕೆಲವೇ ಕಾಣುತ್ತಿದ್ದವು. 1981ರಲ್ಲಿ ಲಂಡನ್ನಿನಲ್ಲಿ 10 ರೋಗಿಗಳನ್ನು ಎಂಆರ್ ಯಂತ್ರದಲ್ಲಿ ನೋಡಿದರು. ಸಿಟಿಗಿಂತ ಎಷ್ಟೋ ಪಟ್ಟು ಜಾಸ್ತಿ ಗಾಯಗಳು! ಆಮೇಲೆ ಅದೇ ರೋಗಿಯನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿದಾಗ ಇನ್ನೊಂದು ವಿಷಯ ತಿಳಿಯಿತು. ಯಾವ ತೊಂದರೆಯೂ ಇಲ್ಲದ ದಿನಗಳಲ್ಲೂ ಸ್ಕ್ಯಾನಿನಲ್ಲಿ ಗಾಯದ ಹೊಸ ಚುಕ್ಕೆಗಳು ಮೂಡುತ್ತಲೇ ಇರುತ್ತವೆ. ನನ್ನ ಮಟ್ಟಿಗೆ ಇದೇ ದೊಡ್ಡ ಅರಿವು.

ಅದಕ್ಕೇ ಚಿತ್ರ ತೆಗೆಯುವ ಕೋನದ ಬಗ್ಗೆ ನನಗೆ ಇಷ್ಟು ಹಟ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬರ ಸ್ಕ್ಯಾನನ್ನು ಹಳೆಯದಕ್ಕಿಂತ ಬೇರೆ ಕೋನದಲ್ಲಿ ತೆಗೆದಿದ್ದೆ. ಯಾವ ಚುಕ್ಕೆ ಹೊಸದು, ಯಾವುದು ಹಳೆಯದು ಅಂತ ರೇಡಿಯಾಲಜಿಸ್ಟ್‌ಗೆ ಹೇಳಲಾಗಲಿಲ್ಲ. ಆ ರೋಗಿ ಮತ್ತೆ ಬರಬೇಕಾಯಿತು. ಅವತ್ತಿನಿಂದ ಪ್ರತಿ ಸಲ ಮೆದುಳಿನ ಎರಡು ಭಾಗಗಳನ್ನು ಜೋಡಿಸುವ ಕಾರ್ಪಸ್ ಕ್ಯಾಲೋಸಮ್‌ನ ಕೆಳ ಅಂಚಿಗೆ ಗೆರೆ ಹೊಂದಿಸುತ್ತೇನೆ, 3 ಮಿಲಿಮೀಟರ್ ದಪ್ಪದ ಸ್ಲೈಸ್ ತೆಗೆಯುತ್ತೇನೆ. ನೀರನ್ನು ಕಪ್ಪಾಗಿಸಿ ಗಾಯವನ್ನು ಬಿಳಿಯಾಗಿ ತೋರಿಸುವ ಫ್ಲೇರ್ ಚಿತ್ರವನ್ನು, ಅದೂ ಪಕ್ಕದಿಂದ ನೋಡುವುದನ್ನಂತೂ ಬಿಡುವುದೇ ಇಲ್ಲ. ಮೆದುಳಿನ ನೀರಿನ ಕೋಣೆಗಳಿಂದ ಬೆರಳಿನ ಹಾಗೆ ಮೇಲೆದ್ದ ಚುಕ್ಕೆಗಳು ಅದರಲ್ಲೇ ಚೆನ್ನಾಗಿ ಕಾಣುವುದು.

ಗದಗದ ಆ ಹೆಣ್ಣುಮಗಳಿಗೆ ಕಿಡ್ನಿ ರಿಪೋರ್ಟ್ ನೋಡಿಕೊಂಡು, ಸ್ಕ್ಯಾನಿನಲ್ಲಿ ಹೊಳೆಯುವ ಗ್ಯಾಡೋಲಿನಿಯಮ್ ಎಂಬ ಔಷಧದ ಇಂಜೆಕ್ಷನ್ ಕೊಟ್ಟೆವು. ಹೊಸ ಗಾಯ ಇದ್ದರೆ ಕೆಲವು ವಾರಗಳವರೆಗೆ ಅದು ಔಷಧ ಹೀರಿ ಹೊಳೆಯುತ್ತದೆ. ಹಳೆಯದು ಹೊಳೆಯುವುದಿಲ್ಲ. ಇವರಲ್ಲಿ ಎರಡು ಹೊಳೆದವು, ಉಳಿದವು ಸುಮ್ನಿದ್ದವು. ಮೊದಲೆಲ್ಲ ಎರಡನೇ ಸಲ ತೊಂದರೆ ಆಗುವವರೆಗೆ ಡಾಕ್ಟರು ಕಾಯಬೇಕಿತ್ತು. ಈ ಕಾಯಿಲೆಯನ್ನು ಗುರುತಿಸಲು ಡಾಕ್ಟರು ಬಳಸುವ ಮ್ಯಾಕ್‌ಡೊನಾಲ್ಡ್ ಮಾನದಂಡ 2010ರಲ್ಲಿ ಬದಲಾದ ನಂತರ, ಒಂದೇ ಸ್ಕ್ಯಾನಿನಲ್ಲಿ ಹೊಳೆಯುವ, ಹೊಳೆಯದ ಎರಡೂ ಬಗೆಯ ಚುಕ್ಕೆ ಕಂಡರೆ, ಗಾಯಗಳು ಬೇರೆ ಬೇರೆ ಕಾಲದಲ್ಲಿ ಆಗಿವೆ ಎಂಬ ಪುರಾವೆ ಸಿಕ್ಕ ಹಾಗೆ.

ಸಂಜೆ ಅವರ ಗಂಡ ಹಳೆಯ ಫಿಲ್ಮ್ ತಂದರು. ಅದರಲ್ಲಿ ಮೂರು ಚುಕ್ಕೆ, ಇವತ್ತಿನದರಲ್ಲಿ ಒಂಬತ್ತು.

"ನಡುವ ನನಗ ಏನೂ ಆಗೇ ಇಲ್ಲಲ್ರಿ" ಅಂದರು ಆ ಹೆಣ್ಣುಮಗಳು.

ರಿಪೋರ್ಟ್ ಡಾಕ್ಟರೇ ವಿವರಿಸುತ್ತಾರೆ ಅಂದೆ. ಎರಡೂ ಫಿಲ್ಮುಗಳನ್ನು ಒಂದೇ ಕವರಿನಲ್ಲಿ ಹಾಕಿ, ಮೇಲೆ ತಾರೀಕು ಬರೆದುಕೊಟ್ಟೆ.